'ಸೆಟ್' ಅನ್ನೋದಕ್ಕೆ ಕನ್ನಡದಲ್ಲಿ ಏನಂತ ಬರೀಲಿ?

ಸುಳಿಗಾಳಿ

ವ್ಯಾಯಾಮದ ಒಂದು ಆ್ಯಪ್ ಕನ್ನಡಕ್ಕೆ ತರೋ ಕೆಲಸ ಹಿಡಿದಿದೀನಿ. ಅವರು ಕಳಿಸಿರೋದು ಒಂದು ಎಕ್ಸೆಲ್ ಹಾಳೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಾನು ತುಂಬಬೇಕಾದ ಖಾಲಿ ಜಾಗ. ಪದ ಬಟನ್ ಮೇಲೆ ಬರುತ್ತಾ, ತಲೆಬರಹವಾ, ಕೆಲಸ ಮುಗಿದಮೇಲೆ ಕಾಣೋ ಸಂದೇಶವಾ, ಒಂದೂ ಗೊತ್ತಾಗಲ್ಲ. ಈ ಹಾಳೇಲಿ 'ಸೆಟ್' ಅನ್ನೋದು ಹಿಂದೆ ಮುಂದೆ ಏನೂ ಇಲ್ಲದೆ ಹಲವು ಕಡೆ ಇದೆ. ಹಳೇ ಆವೃತ್ತಿಯಲ್ಲಿ ಯಾರೋ ಎಲ್ಲಾ ಕಡೆ 'ಗುಂಪು' ಅಂತ ಹಾಕಿ ಕೈತೊಳೆದುಕೊಂಡಿದ್ದಾರೆ. ಅಲಾರಂ ಇಟ್ಟರೆ 'ಅಲಾರಂ ಗುಂಪು' ಅಂತ ಬರ್ತಿತ್ತು!

'ಹೊಂದಿಸು' ಅಂತ ಒಂದೇ ಪದ ಎಲ್ಲಾ ಕಡೆ ಹಾಕಿದರೆ ನಡೆಯುತ್ತಾ? ಇದೇ ಕೆಲಸದಲ್ಲಿರೋರು ಹೇಳಿ.

ಸಾಗು_ಜೊತೆ

ಮೇಡಂ, ಒಂದೇ ಪದ ಎಲ್ಲಾ ಕಡೆ ಸೆಟ್ ಆಗಲ್ಲ. ನೋಡಿ, ಇಲ್ಲೇ ಇನ್ನೊಂದು ಅರ್ಥ ಬಂತು.

ಬ್ಯಾಡಗಿ_ಖಾರ

ಅಲಾರಂ ಹೊಂದಿಸೂದು ಅಂದ್ರ ಏನ್ರೀ? ನಾವು ಅಲಾರಂ ಇಡ್ತೀವಿ. ನಮ್ಮ ಅವ್ವ, ನಮ್ಮ ಅಜ್ಜಿ, ಎಲ್ಲಾರೂ ಅಲಾರಂ ಇಟ್ಟೇ ಮಲಗಿದ್ದು. ಹೊಂದಿಸಾಕ ಅದೇನು ವಧು-ವರಾ?

ಸುಳಿಗಾಳಿ

'ಇಡು' ಸರಿ ಸರ್. ತೊಂದರೆ ಇನ್ನೊಂದಿದೆ. ಇಂಗ್ಲಿಷಲ್ಲಿ ಈ ಕ್ರಿಯಾಪದ ಇವತ್ತಿಗೂ ಅದೇ, ನಿನ್ನೆಗೂ ಅದೇ, ಮುಗಿದ ಕೆಲಸಕ್ಕೂ ಅದೇ, ರೂಪ ಬದಲಾಗೋದೇ ಇಲ್ಲ. 'ಅಲಾರಂ ಸೆಟ್' ಅಂದರೆ 'ಅಲಾರಂ ಇಡು' ಅಂತ ಹೇಳ್ತಿದೆಯೋ 'ಅಲಾರಂ ಇಟ್ಟಾಗಿದೆ' ಅಂತ ಹೇಳ್ತಿದೆಯೋ? ಒಂದು ಮಾಡಬೇಕಾದ ಕೆಲಸ, ಇನ್ನೊಂದು ಆಗಿಹೋದದ್ದು. ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ ಕೊಡೋಕೆ ಬರಲ್ಲ.

ನಿವೃತ್ತ_ಮೇಷ್ಟ್ರು

ನೀವು ಕೈಹಾಕಿರುವುದು ಸಾಮಾನ್ಯ ಪದಕ್ಕಲ್ಲ ತಾಯಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಬಹಳ ಕಾಲ ಅತಿ ಉದ್ದದ ನಮೂದು ಇದರದ್ದೇ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ 'ಸೆಟ್' ಕ್ರಿಯಾಪದಕ್ಕೆ 430 ಅರ್ಥಗಳನ್ನು ಕೊಟ್ಟು, ಸುಮಾರು 60,000 ಪದಗಳಲ್ಲಿ ವಿವರಿಸಿದ್ದಾರೆ. ಒಂದು ಪದಕ್ಕೆ ಒಂದು ಪುಟ್ಟ ಕಾದಂಬರಿಯಷ್ಟು! ಮೊದಲ ಆವೃತ್ತಿ ಪೂರ್ತಿಯಾದದ್ದು 1928ರಲ್ಲಿ. ಅದರ ಪ್ರಧಾನ ಸಂಪಾದಕ ಜೇಮ್ಸ್ ಮರ್ರೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಈ ಪದ ಬರುವ ಭಾಗವನ್ನು ಸಂಪಾದಿಸಿದವರು ಹೆನ್ರಿ ಬ್ರಾಡ್ಲಿ.

ಈಗ ಆ ಪಟ್ಟ ಕೈತಪ್ಪಿದೆ. ಮೂರನೇ ಆವೃತ್ತಿಯ ಪರಿಷ್ಕರಣೆಯನ್ನು ಅವರು 'ಎಂ' ಅಕ್ಷರದಿಂದ ಶುರುಮಾಡಿದರು. 2000ದಲ್ಲಿ 'ಮೇಕ್' ಮುಂದೆ ಬಂತು, 2007ರಲ್ಲಿ 'ಪುಟ್', 2011ರಲ್ಲಿ 'ರನ್' 645 ಅರ್ಥಗಳೊಂದಿಗೆ ಎಲ್ಲವನ್ನೂ ಹಿಂದೆ ಹಾಕಿತು.

ಕರಿಹಲಗೆ

ಮೇಷ್ಟ್ರೇ, ಆ 430 ಅನ್ನೋ ಸಂಖ್ಯೆ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ನಿಘಂಟು ಸುಳ್ಳು ಹೇಳ್ತಿದೆ ಅಂತಲ್ಲ, ಎಣಿಸೋ ರೀತಿ ಬೇರೆ. 'ಸೆಟ್' ಪಕ್ಕದಲ್ಲಿ 'ಅಪ್', 'ಆಫ್', 'ಇನ್', 'ಔಟ್', 'ಅಸೈಡ್' ಅಂತ ಒಂದೊಂದು ಚೂರು ಅಂಟಿಸಿ, ಅದಕ್ಕೊಂದು ಅರ್ಥ, ಅದರ ಕೆಳಗೆ ಮತ್ತೆ ಉಪ ಅರ್ಥ ಅಂತ ಹೋದರೆ ಲೆಕ್ಕ ಬೆಳೀತಾನೇ ಇರುತ್ತೆ. ಅದರಲ್ಲಿ ಅರ್ಧ ಅರ್ಥ ಆ ಬಾಲದ್ದು.

ನಮ್ಮ 'ಹಾಕು' ತಗೊಳ್ಳಿ. ತೆಗೆದುಹಾಕು, ಕಿತ್ತುಹಾಕು, ಬರೆದುಹಾಕು, ಲೆಕ್ಕಹಾಕು, ರುಜುಹಾಕು, ಗಾಳಹಾಕು, ಹೊಂಚುಹಾಕು, ಸೊಪ್ಪುಹಾಕು. ಇವನ್ನೆಲ್ಲ 'ಹಾಕು' ಅನ್ನೋದರ ಅರ್ಥ ಅಂತ ಒಂದೇ ನಮೂದಿನಲ್ಲಿ ತುಂಬಿದರೆ ನಮ್ಮದೂ ನೂರು ದಾಟುತ್ತೆ. ನಮ್ಮ ನಿಘಂಟುಕಾರರು ಬೇರೆಬೇರೆ ನಮೂದು ಮಾಡ್ತಾರೆ, ಅಷ್ಟೇ ವ್ಯತ್ಯಾಸ.

ಸಾಗು_ಜೊತೆ

'ಹೊಡಿ' ಬಿಟ್ಟಿರಲ್ಲಾ ಸರ್. ಬಣ್ಣ ಹೊಡಿ, ಗಾಳಿ ಹೊಡಿ, ಹರಟೆ ಹೊಡಿ, ನಿದ್ದೆ ಹೊಡಿ, ಕಾಪಿ ಹೊಡಿ, ಬಾಯಿಪಾಠ ಹೊಡಿ, ಗಬ್ಬು ಹೊಡಿ. ಇದರಲ್ಲಿ ಯಾರಿಗೂ ಏಟು ಬಿದ್ದಿಲ್ಲ.

ನಿವೃತ್ತ_ಮೇಷ್ಟ್ರು

ಕರಿಹಲಗೆಯವರ ಮಾತು ಒಪ್ಪತಕ್ಕದ್ದೇ. ನನಗೆ ಎಣಿಕೆಗಿಂತ ಅದರ ಹುಟ್ಟಿನ ಕಥೆಯೇ ಹೆಚ್ಚು ರುಚಿ. ಇಂಗ್ಲಿಷಿನಲ್ಲಿ 'ಸಿಟ್' ಅಂದರೆ ಕೂರು. ಅದರ ಪ್ರೇರಣಾರ್ಥಕ ರೂಪವೇ 'ಸೆಟ್', ಅಂದರೆ ಕೂರಿಸು. ನಾವು 'ಇಸು' ಸೇರಿಸಿ ಓಡು-ಓಡಿಸು, ಕೂರು-ಕೂರಿಸು ಎನ್ನುವ ಹಾಗೆ, ಹಳೆಯ ಜರ್ಮಾನಿಕ್ ಭಾಷೆಗಳು ಒಳಗಿನ ಸ್ವರವನ್ನು ಬದಲಿಸಿ ಆ ಕೆಲಸ ಮಾಡುತ್ತಿದ್ದವು. ನಮ್ಮಲ್ಲಿ ಇದು ಇವತ್ತಿಗೂ ಹೆಚ್ಚಿನ ಕ್ರಿಯಾಪದಗಳಿಗೆ ನಡೆಯುವ ವ್ಯಾಕರಣ. ಇಂಗ್ಲಿಷಿನಲ್ಲಿ ಅದು ಸತ್ತುಹೋಗಿ ಬೆರಳೆಣಿಕೆಯ ಜೋಡಿಗಳು ಉಳಿದಿವೆ. 'ಲೈ' ಮಲಗು, 'ಲೇ' ಮಲಗಿಸು. 'ಫಾಲ್' ಬೀಳು, 'ಫೆಲ್' ಅಂದರೆ ಮರ ಬೀಳಿಸು.

'ಕೂರಿಸು' ಎಂದು ಹಿಡಿದುಕೊಂಡು ಆ ಪದದ ಹಳೆಯ ಬಳಕೆಗಳನ್ನು ನೋಡುತ್ತ ಹೋಗಿ. ಉಂಗುರಕ್ಕೆ ಹರಳು ಕೂರಿಸುವುದು, ಮುರಿದ ಮೂಳೆ ಕೂರಿಸುವುದು, ಕೋಳಿಯನ್ನು ಕಾವಿಗೆ ಕೂರಿಸುವುದು. ಮೂರಕ್ಕೂ ಇಂಗ್ಲಿಷರು 'ಸೆಟ್' ಎನ್ನುತ್ತಾರೆ. ಇದು ಒಂದು ಭಾಷೆ ಇನ್ನೊಂದರಿಂದ ಪಡೆದದ್ದಲ್ಲ, ಎರಡು ಕಡೆಯವರಿಗೂ ಒಂದೇ ರೀತಿ ಹೊಳೆದದ್ದು.

ಬ್ಯಾಡಗಿ_ಖಾರ

ಖರೇ ಅದ ಸರ. ನಮ್ಮ ಕಡೆ ಗಣಪತಿ ಕುಂದ್ರಸ್ತೀವಿ, ಎಲುಬು ಕುಂದ್ರಸ್ತೀವಿ, ಬಾಗಲಾ ಕುಂದ್ರಸ್ತೀವಿ. ಅಂಗಿ ಹೊಲಿಸಿದ್ರ ಹೆಗಲಿಗೆ ಚೊಲೋ ಕುಂತೈತಿ ಅಂತೀವಿ. ಹಾಡಿ ಹಾಡಿ ದನಿ ಕುಂತೈತಿ ಅಂತೀವಿ. ಲೆಕ್ಕ ತಲ್ಯಾಗ ಕುಂದ್ರವಲ್ತು ಅಂತೀವಿ. ನಿಮ್ಮ ಆಕ್ಸ್‌ಫರ್ಡಿನವರಿಗೆ ಕಳಸ್ರಿ ಇವನ್ನೂ.

ಸಾಗು_ಜೊತೆ

ಹಂಗಾದ್ರೆ ಸೆಟ್ ದೋಸೆ? ದೋಸೆ ಎಲ್ಲಿ ಕೂರುತ್ತೆ?

ನಿವೃತ್ತ_ಮೇಷ್ಟ್ರು

ಅದು ಬೇರೆ ಪದ. ಕೇಳಿದ್ದು ಒಳ್ಳೆಯದಾಯಿತು.

ಜೊತೆ, ಕಟ್ಟು, ಸಮೂಹ ಎನ್ನುವ ಅರ್ಥದ 'ಸೆಟ್' ಬಂದಿರುವುದು ಲ್ಯಾಟಿನ್ನಿನ 'ಸೆಕ್ಟಾ' ಪದದಿಂದ, ಹಳೆಯ ಫ್ರೆಂಚಿನ ಮೂಲಕ. 'ಸೆಕ್ಟಾ' ಅಂದರೆ ಅನುಸರಿಸುವವರು, ಹಿಂಬಾಲಿಸುವವರು. ಪಂಥ, ಒಳಪಂಗಡ ಎನ್ನುವ ಅರ್ಥದ 'ಸೆಕ್ಟ್' ಕೂಡ ಅಲ್ಲಿಂದಲೇ. ಎರಡು ಬೇರೆಬೇರೆ ಮೂಲದ ಪದಗಳು ಉಚ್ಚಾರಣೆಯಲ್ಲಿ ಒಂದೇ ಆಗಿ, ಶತಮಾನಗಳ ಕಾಲ ಒಂದರ ಮೇಲೊಂದು ಪ್ರಭಾವ ಬೀರಿ, ಈಗ ಬಿಡಿಸಲಾರದ ಹಾಗೆ ಬೆರೆತಿವೆ. ಟೀ ಸೆಟ್, ಸೋಫಾ ಸೆಟ್, ಓಲೆ-ಸರದ ಸೆಟ್, ನಿಮ್ಮ ದೋಸೆ, ಎಲ್ಲವೂ ಈ ಲ್ಯಾಟಿನ್ ಕಡೆಯ ನೆಂಟರು.

ಸಾಗು_ಜೊತೆ

ದೋಸೆಗಳ ಪಂಥ! ನಾನು ಆ ಪಂಥಕ್ಕೆ ಸೇರಿದವನೇ.

ಹಿಂದೆ ಪ್ಲೇಟಿಗೆ ಮೂರೋ ನಾಲ್ಕೋ ಬರ್ತಿತ್ತು. ಹಿಟ್ಟಿಗೆ ಅವಲಕ್ಕಿ ಸೇರಿಸಿ, ದಪ್ಪಕ್ಕೆ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಮಗ್ಗುಲು ಬೇಯಿಸಿದ್ದು, ಜೊತೆಗೆ ಸಾಗು. ಈಗ ಕೆಲವು ಕಡೆ ಎರಡಕ್ಕೆ ಇಳಿದಿದೆ. ಮೊನ್ನೆ ಒಬ್ಬರು ಕೌಂಟರಲ್ಲಿ 'ಸೆಟ್ ದೋಸೆ ಒಂದು ಸಿಂಗಲ್ ಕೊಡಿ' ಅಂದರು, ಅವರೂ ಕೊಟ್ಟರು.

ಕರಿಹಲಗೆ

ಗಣಿತದ ಪ್ರಕಾರ ಅದಕ್ಕೇನೂ ಅಡ್ಡಿ ಇಲ್ಲ. ಒಂದೇ ಅಂಶ ಇರೋ ಗಣವೂ ಗಣವೇ. ಖಾಲಿ ತಟ್ಟೆ ಇಟ್ಟರೂ ಅದು ಶೂನ್ಯಗಣ, ಬಿಲ್ ಮಾಡಬಹುದು.

ಅಂದಹಾಗೆ ನಮ್ಮ ಪಠ್ಯಪುಸ್ತಕದವರು ಇದಕ್ಕೆ 'ಗಣ' ಅಂತ ಇಟ್ಟಿದ್ದು ನನಗೆ ತುಂಬ ಇಷ್ಟ. ಉಪಗಣ, ಶೂನ್ಯಗಣ ಅಂತ ಸಲೀಸಾಗಿ ಬೆಳೆಯುತ್ತೆ. ಹಿಂದಿಯವರು 'ಸಮುಚ್ಚಯ' ಅಂತಾರೆ. ಹೈಸ್ಕೂಲಲ್ಲಿ ಒಂದೇ ದಿನ ಕನ್ನಡ ಪೀರಿಯಡ್ಡಲ್ಲಿ ಛಂದಸ್ಸಿನ ಗಣ, ಗಣಿತ ಪೀರಿಯಡ್ಡಲ್ಲಿ ಈ ಗಣ ಬಂದರೆ ಮಾತ್ರ ಮಕ್ಕಳು ಕಣ್ಣು ಕಣ್ಣು ಬಿಡ್ತಾರೆ. ನಮ್ಮ ಪದಗಳೂ ಈ ಆಟದಲ್ಲಿ ಹಿಂದೆ ಬಿದ್ದಿಲ್ಲ.

ಬಾಣಾವರ_ಗಂಡು

ಎಲ್ಲರೂ ಲ್ಯಾಟಿನ್ನು ಜರ್ಮನ್ನು ಅಂತೀರಲ್ಲ, ನಮ್ಮ 'ಸೆಟೆ' ಯಾಕೆ ಯಾರಿಗೂ ಕಾಣಲ್ಲ? ಸೆಟೆದು ನಿಂತ, ಸೆಟೆದುಕೊಂಡ ಅಂದರೆ ಗಟ್ಟಿಯಾಗಿ ಬಿಗಿದುಕೊಂಡ ಅಂತ. ಸಿಮೆಂಟು ಸೆಟ್ ಆಯ್ತು ಅಂದರೂ ಅದೇ, ಗಟ್ಟಿಯಾಯ್ತು ಅಂತ. ಇದು ಕನ್ನಡದಿಂದಲೇ ಹೋಗಿರೋ ಪದ.

ನಿವೃತ್ತ_ಮೇಷ್ಟ್ರು

ಇಲ್ಲ ತಮ್ಮಾ. ಜರ್ಮನ್ನಿನಲ್ಲಿ 'ಜೆಟ್ಸೆನ್', ಡಚ್ಚಿನಲ್ಲಿ 'ಜೆಟನ್', ಹಳೆಯ ಗಾಥಿಕ್‌ನಲ್ಲಿ 'ಸತ್ಯನ್', ಎಲ್ಲದರ ಅರ್ಥವೂ ಕೂರಿಸು, ಇಡು ಎಂದೇ. ಗಟ್ಟಿಯಾಗು ಎನ್ನುವುದು ಆಮೇಲೆ ಬೆಳೆದ ಅರ್ಥ. ಅಲುಗಾಡುತ್ತಿದ್ದದ್ದು ಒಂದು ಕಡೆ ಕೂತಿತು, ಹಾಗಾಗಿ ಬಿಗಿಯಾಯಿತು. ಮೂಲದಲ್ಲೇ ಇಲ್ಲದ ಅರ್ಥವನ್ನು ಹಿಡಿದು ನೆಂಟಸ್ತನ ಹೇಳಲಾಗದು.

ಆದರೆ ನಿಜವಾದ ನೆಂಟರು ನಿಮ್ಮ ಬಾಯಲ್ಲೇ ದಿನವೂ ಇದ್ದಾರೆ. ಸಂಸ್ಕೃತದ 'ಸದ್' ಧಾತು, ಅರ್ಥ ಕೂರು. ಅದೂ 'ಸಿಟ್' ಪದವೂ ಒಂದೇ ಇಂಡೋ-ಯೂರೋಪಿಯನ್ ಬೇರಿನವು. 'ಸದ್' ಇಂದ ಪರಿಷತ್ತು, ಸಂಸತ್ತು, ಉಪನಿಷತ್ತು. ಪ್ರಸಾದವೂ ಅಲ್ಲಿಂದಲೇ, ವಿಷಾದವೂ ಅಲ್ಲಿಂದಲೇ. ಹಕ್ಕಿಗೂಡಿಗೆ 'ನೀಡ' ಎನ್ನುತ್ತೇವಲ್ಲ, ಅದು ಇಂಗ್ಲಿಷಿನ 'ನೆಸ್ಟ್' ಪದದ ಸೋದರ. 'ಕೆಳಗೆ ಕೂರುವ ಜಾಗ' ಎಂದು ಅದರ ಮೂಲಾರ್ಥ. ಕನ್ನಡ ಸಾಹಿತ್ಯ ಪರಿಷತ್ತು ಎನ್ನುವಾಗ ಮೂರನೆಯ ಪದದಲ್ಲಿ 'ಸೆಟ್' ಪದದ ದಾಯಾದಿ ಅಡಗಿ ಕೂತಿದ್ದಾನೆ.

ಬಾಣಾವರ_ಗಂಡು

ಸಂಸ್ಕೃತದಿಂದ ಅಂದರೆ ಒಪ್ತೀರಿ, ಕನ್ನಡದಿಂದ ಅಂದರೆ ಒಪ್ಪಲ್ಲ. ಇರಲಿ ಬಿಡಿ.

ನಿರ್ವಾಹಕ

ಸಂಸ್ಕೃತದಿಂದ ಬಂತು ಅಂತ ಅವರು ಹೇಳಿಲ್ಲ, ಒಂದೇ ಬೇರು ಅಂದಿದ್ದಾರೆ. ಈ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ.

ಕಂಬಿ_ಜಲ್ಲಿ

ಸಿಮೆಂಟ್ ಸುದ್ದಿ ಬಂತಲ್ಲ, ನಾನು ಬಾಯಿ ಹಾಕಲೇಬೇಕು. ಸಿವಿಲ್ ಎಂಜಿನಿಯರು, ಸೈಟಲ್ಲೇ ಜೀವನ.

'ಸೆಟ್ ಆಯ್ತು ಅಂದರೆ ಗಟ್ಟಿಯಾಯ್ತು' ಅನ್ನೋದು ನಮ್ಮ ಕೆಲಸದಲ್ಲಿ ಪೂರ್ತಿ ತಪ್ಪು ತಿಳಿವಳಿಕೆ. ಸೆಟ್ ಆಗೋದು ಒಂದು ಹಂತ, ಗಟ್ಟಿಯಾಗೋದು ಇನ್ನೊಂದು ಹಂತ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಆರಂಭಿಕ ಸೆಟ್ಟಿಂಗ್ 30 ನಿಮಿಷಕ್ಕಿಂತ ಮೊದಲು ಆಗಬಾರದು, ಅಂತಿಮ ಸೆಟ್ಟಿಂಗ್ 600 ನಿಮಿಷ ಮೀರಬಾರದು. ಪರೀಕ್ಷೆಗೆ ವಿಕಾ ಉಪಕರಣ ಅಂತ ಇದೆ, ಫ್ರಾನ್ಸಿನ ಎಂಜಿನಿಯರ್ ಲೂಯಿ ವಿಕಾ ಹೆಸರಿನದ್ದು. 40 ಮಿಲಿಮೀಟರ್ ಎತ್ತರದ ಅಚ್ಚಿನಲ್ಲಿ ಸಿಮೆಂಟ್ ಕಲಸಿ ತುಂಬಿ ಮೇಲಿಂದ ಸೂಜಿ ಬಿಡ್ತೀವಿ. ಸೂಜಿ ತಳ ಮುಟ್ಟದೆ ಸುಮಾರು 5 ಮಿಲಿಮೀಟರ್ ಮೇಲೆ ನಿಂತುಬಿಟ್ಟರೆ ಆರಂಭಿಕ ಸೆಟ್ಟಿಂಗ್ ಆಯ್ತು. ಆಗ ಅದು ಗಟ್ಟಿ ಆಗಿರಲ್ಲ, ಉಗುರಲ್ಲಿ ಗೀರಿದರೂ ಗೆರೆ ಬೀಳುತ್ತೆ. ಬಲ ಬರೋದು ಆಮೇಲೆ, ನೀರು ಕಟ್ಟಿ ನೋಡಿಕೊಂಡರೆ. ಕಾಂಕ್ರೀಟಿನ ಬಲ ಲೆಕ್ಕ ಹಾಕೋದು 28ನೇ ದಿನಕ್ಕೆ.

ಸಿಮೆಂಟ್ ತಯಾರಿಸುವಾಗ ಜಿಪ್ಸಂ ಸೇರಿಸೋದೇ ಅದು ತಕ್ಷಣ ಸೆಟ್ ಆಗದಿರಲಿ ಅಂತ. ಇಲ್ಲದಿದ್ದರೆ ಕಲಸೋ ಬಾಣಲೇಲೇ ಕಲ್ಲಾಗುತ್ತೆ. ಮೌಲ್ಡ್ ಹಾಕಿದ ಮಾರನೇ ದಿನ ಮನೆ ಯಜಮಾನರು ಮೇಲೆ ಹತ್ತಿ ಓಡಾಡಿ 'ಸೆಟ್ ಆಗಿದೆಯಲ್ಲಾ, ಸೆಂಟ್ರಿಂಗ್ ಬಿಚ್ಚಿ' ಅಂತಾರೆ. ಸೆಟ್ ಆಗಿದೆ ಸ್ವಾಮಿ, ನಿಮ್ಮ ಭಾರ ಹೊರೋ ಬಲ ಇನ್ನೂ ಬಂದಿಲ್ಲ. ಈ ಎರಡರ ನಡುವಿನ ಗೊಂದಲದಿಂದ ಚಾವಣಿ ಬಿದ್ದದ್ದೂ ಇದೆ.

ಇದಕ್ಕೆ ಕನ್ನಡ ಪದ ಏನಿಡಬೇಕು ಅಂತ ನನಗೆ ಹೊಳೆದಿಲ್ಲ. ಗಾರೆಯವರು 'ಬಿಗೀತು' ಅಂತಾರೆ, ಅದೇ ಹತ್ತಿರ ಅನ್ಸುತ್ತೆ.

ಕರಿಹಲಗೆ

'ಬಿಗಿ' ಒಳ್ಳೇ ಪದ. 'ಹೆಪ್ಪುಗಟ್ಟು' ಅಂದರೆ ಮೊಸರಿನ ವಾಸನೆ ಬರುತ್ತೆ.

ಹೂಮಳೆ

ನಾವು ಚಿಕ್ಕಮಗಳೂರು ಕಡೆ, ಕಾಫಿ ತೋಟ. ನಮ್ಮಲ್ಲಿ ಈ ಪದ ದಿನಾ ಓಡಾಡೋದು ಮಾರ್ಚ್-ಏಪ್ರಿಲ್‌ನಲ್ಲಿ. ಬೇಸಿಗೆಯ ಮೊದಲ ಹದ ಮಳೆ ಬಿದ್ದ ಒಂದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತೆ. ಅದು ಹೂಮಳೆ, ಬ್ಲಾಸಂ ಅಂತಲೂ ಅಂತೀವಿ. ಅದಾದಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಮಳೆ. ಅದು ಬಂದರೆ 'ಸೆಟ್ಟಿಂಗ್ ಚೆನ್ನಾಗಿದೆ' ಅಂತೀವಿ, ಅಂದರೆ ಹೂವು ನಿಂತು ಕಾಯಿ ಕಟ್ಟಿದೆ ಅಂತ. ಹೂವು ನೋಡಿ ಯಾರೂ ಫಸಲಿನ ಲೆಕ್ಕ ಹಾಕಲ್ಲ, ಸೆಟ್ಟಿಂಗ್ ನೋಡಿ ಹಾಕ್ತಾರೆ. ರೊಬಸ್ಟಾದಲ್ಲಂತೂ ಇನ್ನೂ ಹುಷಾರಾಗಿರಬೇಕು, ಪಕ್ಕದ ಗಿಡದ ಪರಾಗ ಬರಲೇಬೇಕು. ಹೂವಾದ ದಿನ ಮಳೆ ಹೊಡೆದರೆ ಕೆಟ್ಟಿತು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ.

'ಕಾಯಿ ಕಟ್ಟು' ಅನ್ನೋದು ನಮ್ಮ ಅಜ್ಜನ ಕಾಲದ ಮಾತು. ಮಾವಿಗೂ ಅದೇ, ಹುಣಸೆಗೂ ಅದೇ.

ಕುಡ್ಲ_ಮೀನ್‌ಸಾರು

ಒಂದು ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೆ. ಟಿವಿ ಹತ್ರ ಇಡುವ ಪೆಟ್ಟಿಗೆ ಉಂಟಲ್ಲ, ಸೆಟ್ ಟಾಪ್ ಬಾಕ್ಸ್. ನಮ್ಮ ಕಡೆ ಕೇಬಲಿನವರಿಂದ ಹಿಡಿದು ಎಲ್ಲರೂ ಹೇಳುದು 'ಸೆಟಪ್ ಬಾಕ್ಸ್'. ಅವರನ್ನು ತಪ್ಪು ಹೇಳ್ಲಿಕ್ಕೂ ಆಗುದಿಲ್ಲ. ಟಿವಿ ಸೆಟ್ಟಿನ ಮೇಲೆ ಕೂತಿರುವ ಪೆಟ್ಟಿಗೆ ಅಂತ ಆ ಹೆಸರು. ಈಗಿನ ಟಿವಿ ಗೋಡೆಗೆ ಅಂಟಿದ ಹಪ್ಪಳದ ಹಾಗೆ ಉಂಟು, ಅದರ ಮೇಲೆ ಎಂತ ಇಡುದು? 'ಸೆಟಪ್' ಹೇಳಿದ್ರೆ ಕಡೇಪಕ್ಷ ಅರ್ಥವಾದ್ರೂ ಆಗ್ತದೆ, ಸೆಟಪ್ ಮಾಡಿದ್ರೆ ಮಾತ್ರ ಬರುವ ಪೆಟ್ಟಿಗೆ.

ಸಾಗು_ಜೊತೆ

ಬೆಂಗಳೂರಲ್ಲಿ 'ಸೆಟಪ್' ಅಂತ ಬೇರೆ ಅರ್ಥಕ್ಕೂ ಹೇಳ್ತಾರೆ. ನಿರ್ವಾಹಕರು ಇದಾರೆ, ವಿವರಿಸಲ್ಲ.

ನಿರ್ವಾಹಕ

ಉಪಕಾರವಾಯ್ತು.

ಬ್ಯಾಡಗಿ_ಖಾರ

ನಮ್ಮ ಹೊಲದಾಗ ಐಪಿ ಸೆಟ್ಟು, ಅಂದ್ರ ನೀರಾವರಿ ಪಂಪಿಂದು. ಸರ್ಕಾರದವರು ಕಾಗದದಾಗ ಬರಿಯೂದು ಹಂಗ, 10 ಎಚ್‌ಪಿ ತನಕ ಕರೆಂಟು ಪುಗಸಟ್ಟೆ. ನಾವು ಮೋಟ್ರು ಅಂತೀವಿ. ಆ 'ಸೆಟ್ಟು' ಯಾಕ ಅಂದ್ರ ಮೋಟ್ರು ಒಂದು, ಪಂಪು ಒಂದು, ಎರಡೂ ಸೇರಿ ಒಂದು ಜೋಡಿ. ಅಂದ್ರ ಇದು ಲ್ಯಾಟಿನ್ ಕಡೀದು ಅಲ್ಲೇನ್ರೀ ಸರ?

ನಿವೃತ್ತ_ಮೇಷ್ಟ್ರು

ಹೌದು, ಜೋಡಣೆಯಾದ ಸಾಮಾನು ಎನ್ನುವ ಅರ್ಥ. ರೇಡಿಯೊ ಸೆಟ್, ಟಿವಿ ಸೆಟ್ ಎನ್ನುವುದೂ ಹಾಗೇ, ಬಿಡಿಭಾಗಗಳ ಒಂದು ಕೂಟ.

ಸಾಗು_ಜೊತೆ

ಟೆನ್ನಿಸ್ ಸೆಟ್ ಮರೀಬೇಡಿ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್-ಮಾಹು ಪಂದ್ಯದ ಕೊನೇ ಸೆಟ್ 70-68. ಪಂದ್ಯ ಮೂರು ದಿನ ನಡೀತು, ಒಟ್ಟು 11 ಗಂಟೆ 5 ನಿಮಿಷ. ಆರು ಗೇಮಿಗೆ ಮುಗೀಬೇಕಾದ ಸೆಟ್ಟು!

ಸುಳಿಗಾಳಿ

ಅಬ್ಬಾ, ಊಟ ಮಾಡಿ ಬರೋಷ್ಟರಲ್ಲಿ ಇಷ್ಟು. ಎಲ್ಲರಿಗೂ ಧನ್ಯವಾದ. ಒಂದೇ ಪದ ಸಾಕು ಅನ್ನೋ ಯೋಚನೆ ಕೈಬಿಟ್ಟೆ. ಕನ್ನಡದಲ್ಲಿ ಪ್ರತಿ ಕೆಲಸಕ್ಕೂ ಜೊತೆಗಾರ ಕ್ರಿಯಾಪದ ಮೊದಲೇ ಇದೆ: ಬಲೆ ಒಡ್ತೀವಿ, ಎಲೆ ಹಾಕ್ತೀವಿ, ಬೆಲೆ ಕಟ್ತೀವಿ, ಬೆಂಕಿ ಹಚ್ತೀವಿ, ದಿನ ಗೊತ್ತುಮಾಡ್ತೀವಿ, ಅಚ್ಚುಮೊಳೆ ಜೋಡಿಸ್ತೀವಿ. ಮುಂಗಾರು ಬಂದಾಗ ಮಳೆ ಹಿಡಕೊಳ್ಳುತ್ತೆ. ಎಲ್ಲಕ್ಕೂ ಇಂಗ್ಲಿಷಲ್ಲಿ ಈ ಒಂದೇ ಪದ. 'ಹೊಂದಿಸು' ಅಂತ ಬರೆದರೆ ಯಾವುದೂ ತಪ್ಪಾಗಲ್ಲ, ಆದರೆ ಒಂದೂ ಕನ್ನಡದ ಹಾಗೆ ಕೇಳಿಸಲ್ಲ.

ಕಂಪನಿಯವರಿಗೆ ಬರೆದು ಪ್ರತಿ ಪದದ ಸ್ಕ್ರೀನ್‌ಶಾಟ್ ಕೇಳಿದೀನಿ. ಅದು ಬರೋವರೆಗೆ ಈ ಸಾಲುಗಳನ್ನ ಮುಟ್ಟಲ್ಲ.

ಕರಿಹಲಗೆ

ಅದೇ ಸರಿ. ಸ್ಕ್ರೀನ್‌ಶಾಟ್ ಇಲ್ಲದೆ ಕೆಲಸ ಒಪ್ಪಿಕೊಳ್ಳೋ ಅಭ್ಯಾಸ ನಾವೆಲ್ಲ ಬಿಡಬೇಕು. ದರ ಪದಕ್ಕಿಷ್ಟು ಅಂತ ಕೊಡ್ತಾರೆ, ಆ ಪದ ಯಾವುದು ಅಂತ ಮಾತ್ರ ಹೇಳಲ್ಲ.

ಸುಳಿಗಾಳಿ

ಸ್ಕ್ರೀನ್‌ಶಾಟ್ ಬಂತು. ಅಲಾರಂ ಪರದೆಯ ಬಟನ್ 'ಇಡಿ', ಮುಗಿದಮೇಲೆ ಬರೋ ಸಂದೇಶ 'ಅಲಾರಂ ಇಟ್ಟಾಗಿದೆ'. ದಿನದ ಹೆಜ್ಜೆಗಳ ಗುರಿ ಇರೋ ಕಡೆ 'ಗೊತ್ತುಮಾಡಿ'. ಬಸ್ಕಿ, ದಂಡದ ಲೆಕ್ಕಕ್ಕೆ 'ಸುತ್ತು' ಅಂತ ಹಾಕೋಣ ಅಂದುಕೊಂಡಿದ್ದೆ, ಆದರೆ 'ರೌಂಡ್' ಅನ್ನೋದಕ್ಕೆ ಆಗಲೇ ಅದು ಹೋಗಿದೆ. ಹಾಗಾಗಿ '3 ಸೆಟ್' ಅಂತಲೇ ಬಿಟ್ಟೆ. ಜಿಮ್ಮಿಗೆ ಹೋಗೋ ಕನ್ನಡದವರು ಹೇಳೋದೂ ಅದನ್ನೇ.

ಇನ್ನೊಂದು ಮಾತ್ರ ಯಾರೂ ಊಹಿಸಿರಲಿಲ್ಲ. ಬೆಳಗಿನ ಓಟದ ಪರದೆಯಲ್ಲಿ ಸೂರ್ಯನ ಒಂದು ಪುಟ್ಟ ಚಿತ್ರ ಇದೆ, ಅದರ ಪಕ್ಕ 'ರೈಸ್' ಅಂತ ಒಂದು ಸಮಯ, 'ಸೆಟ್' ಅಂತ ಒಂದು ಸಮಯ. ನನ್ನ ಹಾಳೇಲಿ ಆ ಎರಡೂ ಬೇರೆಬೇರೆ ಪುಟದಲ್ಲಿದ್ದವು! ನಾನು ಅದಕ್ಕೆ 'ಇಡಿ' ಅಂತ ಹಾಕಿಬಿಟ್ಟಿದ್ದರೆ ಸಂಜೆ ಆರೂವರೆಗೆ ಸೂರ್ಯನನ್ನ ಎಲ್ಲಿಡಬೇಕೋ ಗೊತ್ತಾಗ್ತಿರಲಿಲ್ಲ.

ಬ್ಯಾಡಗಿ_ಖಾರ

ಹೊತ್ತು ಮುಣಗೂದು ಅಂತ ಬರೀರಿ.

ಹೂಮಳೆ

'ಕಂತು' ಅಂತಲೂ ಇದೆಯಲ್ಲ, ಹೊತ್ತು ಕಂತಿತು ಅಂತ. ಚೆಂದದ ಪದ.

ಕರಿಹಲಗೆ

ಚೆಂದ ಹೌದು, ಆದರೆ ಇವತ್ತಿನವರಿಗೆ 'ಕಂತು' ಅಂದರೆ ಸಾಲದ ಕಂತೇ ಮೊದಲು ನೆನಪಾಗೋದು.

ಸುಳಿಗಾಳಿ

ಜಾಗ ಬಹಳ ಕಮ್ಮಿ, ನಾಲ್ಕು ಅಕ್ಷರ ದಾಟಿದರೆ ಎರಡನೇ ಸಾಲಿಗೆ ಹೋಗುತ್ತೆ. ಅದಕ್ಕೆ 'ಉದಯ', 'ಅಸ್ತ' ಅಂತ ಹಾಕಿದೆ. ಈಗ ಹೊಸ ತಲೆನೋವು: ಪರೀಕ್ಷೆಯ ಆವೃತ್ತಿಯಲ್ಲಿ ತ ಒತ್ತು ಕೆಳಗೆ ಕತ್ತರಿಸಿಹೋಗಿ ಬರೀ 'ಅಸ' ಅಂತ ಕಾಣ್ತಿದೆ.

ಕರಿಹಲಗೆ

ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಪೆಟ್ಟಿಗೆ ಮಾಡಿರ್ತಾರೆ, ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟಿರಲ್ಲ. ಸಾಲಿನ ಎತ್ತರ ಹೆಚ್ಚಿಸೋಕೆ ಡೆವಲಪರ್‌ಗೆ ಹೇಳಿ. ಹೇಳುವಾಗ 'ಸ್ತ', 'ಕ್ಷ್ಮಿ', 'ಸ್ತ್ರೀ' ಮೂರನ್ನೂ ಕಳಿಸಿ, ಮೂರೂ ಪೂರ್ತಿ ಕಾಣಿಸಿದರೆ ಮಾತ್ರ ಒಪ್ಪಿಕೊಳ್ಳಿ. ಅಲ್ಲೀವರೆಗೆ 'ಇಳಿ' ಅಂತ ಹಾಕಿರಿ, ಅದಕ್ಕೆ ಒತ್ತೇ ಇಲ್ಲ.